ಲೆಕ್ಕ ಇಡುವ ಪೆಟ್ಟಿಗೆ



ಇವತ್ತಿನ ಮಾತು ಒಂದು ಆಟದ ಪೆಟ್ಟಿಗೆಯ ಮೇಲೆ. ಹೆಸರು ಪಿನ್‌ಬಾಲ್. ಸೊಂಟದೆತ್ತರಕ್ಕೆ ನಾಲ್ಕು ಕಾಲಿನ ಮೇಲೆ ನಿಂತ ಇಳಿಜಾರು ಹಲಗೆ, ಮೇಲೆ ಗಾಜಿನ ಮುಚ್ಚಳ, ತುದಿಯಲ್ಲಿ ಬಣ್ಣದ ಚಿತ್ರವಿರುವ, ಒಳಗೆ ದೀಪ ಉರಿಯುವ ಎತ್ತರದ ಡಬ್ಬಿ. ಬಲಗೈಯಲ್ಲಿ ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗುಂಡೊಂದು ಮೇಲಕ್ಕೆ ಹಾರಿ, ಅಲ್ಲಿಲ್ಲಿ ಬಡಿದು, ಬಡಿದಲ್ಲೆಲ್ಲ ದೀಪ ಹೊತ್ತಿಸಿ ಗಂಟೆ ಬಾರಿಸಿ ಕೆಳಗಿಳಿಯುತ್ತದೆ. ಪೆಟ್ಟಿಗೆಯ ಎರಡು ಪಕ್ಕದಲ್ಲಿರುವ ಬಟನ್ ಒತ್ತಿ, ಒಳಗಿನ ಎರಡು ಪುಟ್ಟ ಬ್ಯಾಟುಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಬ್ಯಾಟುಗಳ ನಡುವೆ ಗುಂಡು ನುಸುಳಿತೋ, ಆ ಗುಂಡಿನ ಆಟ ಮುಗಿಯಿತು.

ಆಟ ಇಷ್ಟೆ. ನನಗೆ ಆಟಕ್ಕಿಂತ ಅದರ ಹೊಟ್ಟೆಯೊಳಗೆ ಏನಿದೆ ಎಂಬುದರಲ್ಲೇ ಆಸಕ್ತಿ. 1970ರ ದಶಕದ ಮಧ್ಯದವರೆಗೆ ಬಂದ ಈ ಪೆಟ್ಟಿಗೆಗಳೊಳಗೆ ಚಿಪ್ ಎಂಬುದೇ ಇರಲಿಲ್ಲ. ಆದರೂ ಅವು ನಾಲ್ಕು ಜನರ ಅಂಕ ಬೇರೆ ಬೇರೆ ಎಣಿಸುತ್ತಿದ್ದವು, ಯಾರ ಸರದಿ ಎಂದು ಮರೆಯುತ್ತಿರಲಿಲ್ಲ, ಮೇಜು ಅಲ್ಲಾಡಿಸಿದವನನ್ನು ಹಿಡಿಯುತ್ತಿದ್ದವು. ಕಬ್ಬಿಣ, ತಾಮ್ರದ ತಂತಿ, ಹಿತ್ತಾಳೆಯ ಪಟ್ಟಿ, ಒಂದು ಪುಟ್ಟ ಮೋಟಾರು — ಇಷ್ಟರಲ್ಲೇ ಅಷ್ಟೂ ಲೆಕ್ಕ.

ನಮ್ಮ ನೆಲಮಂಗಲದ ಬಸ್ ನಿಲ್ದಾಣದಲ್ಲಾಗಲಿ, ಹೆದ್ದಾರಿಯ ಹೋಟೆಲುಗಳಲ್ಲಾಗಲಿ ಇಂಥ ಪೆಟ್ಟಿಗೆಯನ್ನು ನಾನು ಕಂಡದ್ದಿಲ್ಲ. ನಮಗೆ ಗೊತ್ತಿದ್ದ ಕಾಸು ಹಾಕುವ ಯಂತ್ರವೆಂದರೆ ರೈಲು ನಿಲ್ದಾಣದ ತೂಕದ ಯಂತ್ರ. ಹತ್ತಿ ನಿಂತರೆ ದೀಪಗಳು ಮಿನುಗಿ, ಬಣ್ಣದ ಚಕ್ರ ತಿರುಗಿ, ನಿಮ್ಮ ತೂಕದ ಜೊತೆಗೆ ನಿಮ್ಮ ಭವಿಷ್ಯವನ್ನೂ ಅಚ್ಚು ಹಾಕಿದ ರಟ್ಟಿನ ಚೀಟಿ ಕೆಳಗೆ ಬೀಳುತ್ತಿತ್ತು. ತೂಕ ಸರಿ ಇದ್ದರೂ ಭವಿಷ್ಯ ಮಾತ್ರ ಪ್ರತಿ ಸಲ ಬದಲಾಗುತ್ತಿತ್ತು!

ಪಿನ್‌ಬಾಲಿನ ಅಜ್ಜನ ಪರಿಚಯ ಮಾತ್ರ ನಮ್ಮ ಹುಡುಗರಿಗೆ ಚೆನ್ನಾಗಿತ್ತು. ತುಮಕೂರಿನ ದಾರಿ, ಹಾಸನದ ದಾರಿ ಕವಲೊಡೆಯುವ ಊರು ಇದು; ಲಾರಿಗಳಿಗೂ ಗ್ಯಾರೇಜುಗಳಿಗೂ ಕೊರತೆಯಿಲ್ಲ. ಹಳೇ ಬೇರಿಂಗ್ ಒಡೆದರೆ ಒಳಗೆ ಹೊಳೆಯುವ ಉಕ್ಕಿನ ಗುಂಡುಗಳು ಸಿಗುತ್ತಿದ್ದವು. ಒಂದು ಹಲಗೆಗೆ ಅರೆವೃತ್ತಾಕಾರದಲ್ಲಿ ಮೊಳೆ ಬಡಿದು, ಒಳಗೆ ನಂಬರು ಬರೆದು, ಒಂದು ಬದಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಕಡ್ಡಿಯಿಂದ ಗುಂಡನ್ನು ತಳ್ಳುವುದು. ಪೇಟೆಯಲ್ಲಿ ಇದೇ ಆಟ ಬಾಗಟೆಲ್ ಎಂಬ ಹೆಸರಿನಲ್ಲಿ, ಬಣ್ಣ ಬಳಿದು, ಸ್ಪ್ರಿಂಗ್ ಹಾಕಿ ಮಾರಾಟಕ್ಕೆ ಸಿಗುತ್ತಿತ್ತು.

ಆ ಹೆಸರು ಬಂದದ್ದು ಪ್ಯಾರಿಸ್ಸಿನ ಪಕ್ಕದ ಒಂದು ಅರಮನೆಯಿಂದ. 1777ರಲ್ಲಿ ಫ್ರಾನ್ಸಿನ ರಾಜನ ತಮ್ಮ ಕಟ್ಟಿಸಿದ ಬಾಗಟೆಲ್ ಎಂಬ ಆ ಅರಮನೆಯಲ್ಲಿ ಬಿಲಿಯರ್ಡ್ಸ್ ಕೋಲಿನಿಂದ ಆಡುತ್ತಿದ್ದ ಮೇಜಿನಾಟ ಅದು. ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೇಗ್ ರೆಡ್‌ಗ್ರೇವ್ 1871ರಲ್ಲಿ ಕೋಲನ್ನು ತೆಗೆದು ಅದರ ಜಾಗಕ್ಕೆ ಸ್ಪ್ರಿಂಗಿನ ಹಿಡಿ ಇಟ್ಟು ಪೇಟೆಂಟ್ ಪಡೆದ. ಆಮೇಲೆ ಅರವತ್ತು ವರ್ಷ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಆಗಲಿಲ್ಲ. 1931ರಲ್ಲಿ, ಅಮೆರಿಕದ ಜನ ಕೆಲಸ ಕಳೆದುಕೊಂಡು ಬೀದಿಯಲ್ಲಿದ್ದ ಕಾಲಕ್ಕೆ, ಶಿಕಾಗೋದ ಡೇವಿಡ್ ಗಾಟ್‌ಲೀಬ್ ಬ್ಯಾಫಲ್ ಬಾಲ್ ಎಂಬ ಪೆಟ್ಟಿಗೆಯನ್ನು ಅಂಗಡಿಗಳ ಗಲ್ಲಾ ಪಕ್ಕ ಇಡಿಸಿದ. ಒಂದು ಸೆಂಟಿಗೆ ಒಂದು ಆಟ. ಅಷ್ಟು ಅಗ್ಗದ ಮನರಂಜನೆಯಾದ್ದರಿಂದ ಪೆಟ್ಟಿಗೆಗಳು ಸಾವಿರ ಸಾವಿರ ಲೆಕ್ಕದಲ್ಲಿ ಹೋದವು. ಅವುಗಳಲ್ಲಿ ಕರೆಂಟು ಇರಲಿಲ್ಲ, ಬ್ಯಾಟೂ ಇರಲಿಲ್ಲ. ಗುಂಡು ಬಿಟ್ಟ ಮೇಲೆ ದೇವರೇ ಗತಿ.

ಕರೆಂಟು ಬಂದದ್ದು 1933ರಲ್ಲಿ, ಹ್ಯಾರಿ ವಿಲಿಯಮ್ಸ್ ರೂಪಿಸಿದ ಕಾಂಟ್ಯಾಕ್ಟ್ ಎಂಬ ಆಟದಲ್ಲಿ. ಗುಂಡು ಒಂದು ಗುಳಿಗೆ ಬಿದ್ದರೆ ಅದರ ಭಾರಕ್ಕೆ ಸ್ವಿಚ್ ಕೂಡಿಕೊಂಡು, ಒಳಗಿನ ಕಾಯಿಲ್, ಅಂದರೆ ಕರೆಂಟು ಹರಿದಾಗ ಅಯಸ್ಕಾಂತವಾಗುವ ತಂತಿಸುರುಳಿ, ಗುಂಡನ್ನು ಒದ್ದು ಹೊರಗೆ ಹಾಕುತ್ತಿತ್ತು. ಅಲ್ಲಿಯವರೆಗೆ ಬಿದ್ದ ಗುಂಡು ಬಿದ್ದಲ್ಲೇ ಇರುತ್ತಿತ್ತು. ಈಗ ಯಂತ್ರವೂ ಆಟಗಾರನಿಗೆ ಎದುರಾಗಿ ಆಡತೊಡಗಿತು. ಮೇಜನ್ನು ಅಲ್ಲಾಡಿಸಿ ಮೋಸ ಮಾಡುವವರನ್ನು ಹಿಡಿಯುವ ಟಿಲ್ಟ್ ಕೂಡ ಇದೇ ವಿಲಿಯಮ್ಸರ ಕೊಡುಗೆ. ಮೊದಲು ಒಂದು ಪುಟ್ಟ ಪೀಠದ ಮೇಲೆ ಗುಂಡು ಕೂರಿಸಿದ್ದರು. ಅಲ್ಲಾಡಿಸಿದರೆ ಅದು ಉರುಳಿ ಆಟ ನಿಲ್ಲುತ್ತಿತ್ತು. ಆಮೇಲೆ ಬಂದದ್ದು ತೂಗುಗುಂಡು, ನಮ್ಮ ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ಅದೇ ವಸ್ತು. ಲೋಹದ ಬಳೆಯ ನಡುವೆ ಅದು ನೇತಾಡುತ್ತಿರುತ್ತದೆ. ಜೋರಾಗಿ ತಳ್ಳಿದರೆ ಬಳೆಗೆ ತಗುಲುತ್ತದೆ, ಸರ್ಕ್ಯೂಟ್ ಪೂರ್ಣವಾಗುತ್ತದೆ, ಬ್ಯಾಟುಗಳು ಸತ್ತುಹೋಗುತ್ತವೆ. ತೂಗುಗುಂಡನ್ನು ತುಸು ಮೇಲಕ್ಕೋ ಕೆಳಕ್ಕೋ ಸರಿಸಿ ಯಂತ್ರ ಎಷ್ಟು ತಳ್ಳಾಟ ಸಹಿಸಬೇಕು ಎಂದು ಮಾಲೀಕ ಗೊತ್ತು ಮಾಡುತ್ತಾನೆ. ನಾನು ಕಂಡ ಎಲ್ಲ ಭದ್ರತಾ ವ್ಯವಸ್ಥೆಗಳಲ್ಲಿ ಇದರಷ್ಟು ಸರಳವಾದದ್ದು ಮತ್ತೊಂದಿಲ್ಲ.

ಇಂದು ಪಿನ್‌ಬಾಲ್ ಎಂದರೆ ನೆನಪಾಗುವ ಆ ಬ್ಯಾಟು, ಅದನ್ನು ಫ್ಲಿಪ್ಪರ್ ಎನ್ನುತ್ತಾರೆ, ಬಂದದ್ದು ಬಹಳ ತಡವಾಗಿ. 1947ರಲ್ಲಿ, ಗಾಟ್‌ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಎಂಬ ಪೆಟ್ಟಿಗೆಯಲ್ಲಿ, ಹ್ಯಾರಿ ಮ್ಯಾಬ್ಸ್ ಎಂಬ ವಿನ್ಯಾಸಕಾರ ಹಲಗೆಯ ಎರಡು ಪಕ್ಕದಲ್ಲಿ ಆರು ಫ್ಲಿಪ್ಪರ್ ಇಟ್ಟರು. ಅವುಗಳಿಗೆ ಬಲ ಸಾಲದು. ಗುಂಡನ್ನು ಒಂದರಿಂದ ಮೇಲಿನ ಇನ್ನೊಂದಕ್ಕೆ ದಾಟಿಸಿಕೊಂಡು ಹೋಗಬೇಕಿತ್ತು. ಮರುವರ್ಷ ಟ್ರಿಪಲ್ ಆ್ಯಕ್ಷನ್ ಆಟದಲ್ಲಿ ಸ್ಟೀವ್ ಕಾರ್ಡೆಕ್ ಎಂಬ ವಿನ್ಯಾಸಕಾರ ಆರನ್ನು ಎರಡಕ್ಕೆ ಇಳಿಸಿ, ಬಲ ಹೆಚ್ಚಿಸಿ, ಹಲಗೆಯ ಬುಡದಲ್ಲಿ ಕೂರಿಸಿದರು. ಇವತ್ತಿಗೂ ಅವು ಅಲ್ಲಿಯೇ ಇವೆ.

ಇನ್ನು ನಮ್ಮ ಕಡೆಗೆ ಬರೋಣ. ನಾನು ದೂರವಾಣಿ ಎಕ್ಸ್‌ಚೇಂಜಿನಲ್ಲಿ ರಿಲೇಗಳ, ಅಂದರೆ ಕಾಯಿಲ್ ಎಳೆದು ಕೂಡಿಸುವ ಸ್ವಿಚ್ಚುಗಳ, ನಡುವೆ ಕೆಲಸ ಮಾಡಿದವನು. ಹೊರದೇಶದಿಂದ ಹಿಂತಿರುಗಿದ ಪರಿಚಿತರೊಬ್ಬರು ಮನೆಯ ಸಾಮಾನಿನ ಜೊತೆ ತಂದಿದ್ದ ಹಳೆಯ ಪಿನ್‌ಬಾಲ್ ಪೆಟ್ಟಿಗೆಯ ಹಲಗೆ ಎತ್ತಿದಾಗ, ಒಳಗೆ ಅಪರಿಚಿತವಾದದ್ದು ಏನೂ ಇರಲಿಲ್ಲ. ಸಾಲಾಗಿ ಕೂತ ರಿಲೇಗಳು, ಬೆಳ್ಳಿ ಬಣ್ಣದ ತುದಿಯಿರುವ ಎಲೆಯಂಥ ಸ್ವಿಚ್ಚುಗಳು, ನೂಲು ಸುತ್ತಿದ ಬಣ್ಣ ಬಣ್ಣದ ತಂತಿಗಳ ಕಟ್ಟು, ಹೆಜ್ಜೆ ಹಾಕುವ ಚಕ್ರಗಳು. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಸರ್ಕ್ಯೂಟ್ ನಕ್ಷೆ ಸಹ ನಮ್ಮ ಎಕ್ಸ್‌ಚೇಂಜಿನ ನಕ್ಷೆಗಳ ವಂಶದ್ದೇ.

ಈ ವಂಶದ ಮೂಲಪುರುಷ ಆಲ್ಮನ್ ಸ್ಟ್ರೋಜರ್. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದವನು. ಎಕ್ಸ್‌ಚೇಂಜಿನ ಆಪರೇಟರ್ ತನಗೆ ಬರುವ ಕರೆಗಳನ್ನು ಎದುರಾಳಿಗೆ ಕೊಡುತ್ತಾಳೆ ಎಂಬ ಸಿಟ್ಟಿನಲ್ಲಿ ಆಪರೇಟರೇ ಬೇಡದ ಎಕ್ಸ್‌ಚೇಂಜ್ ಕಂಡುಹಿಡಿದ ಎನ್ನುವ ಕಥೆ ನಮ್ಮ ತರಬೇತಿಯ ಮೊದಲ ದಿನವೇ ಕಿವಿಗೆ ಬೀಳುತ್ತಿತ್ತು. ಕಥೆ ಏನೇ ಇರಲಿ, ಅವನಿಗೆ ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನ ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ನಮ್ಮ ಬಾಯಲ್ಲಿ ಐಟಿಐ, ಶುರುವಾಯಿತು. ಸುತ್ತಲಿನ ಬಡಾವಣೆಗೆ ದೂರವಾಣಿ ನಗರ ಎಂದೇ ಹೆಸರು. ಬ್ರಿಟನ್ನಿನ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿ ತಯಾರಿಸಿದ್ದು ಈ ಸ್ಟ್ರೋಜರ್ ಯಂತ್ರಗಳನ್ನು. ಶಿಕಾಗೋದಲ್ಲಿ ಪಿನ್‌ಬಾಲಿನ ಸ್ವಿಚ್ಚಿಗೆ ಹೆಣ್ಣುಮಕ್ಕಳು ತಂತಿ ಬೆಸೆಯುತ್ತಿದ್ದ ಕಾಲಕ್ಕೇ ಬೆಂಗಳೂರಿನಲ್ಲೂ ಹೆಣ್ಣುಮಕ್ಕಳು ಸಾಲಾಗಿ ಕೂತು ರಿಲೇಗಳಿಗೆ ತಂತಿ ಬೆಸೆಯುತ್ತಿದ್ದರು. ಒಂದು ಕಡೆ ಆಟಕ್ಕೆ, ಇನ್ನೊಂದು ಕಡೆ ಮಾತಿಗೆ.

ಹಳೆಯ ಫೋನಿನಲ್ಲಿ ಐದರ ತೂತಿಗೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ ಏನಾಗುತ್ತಿತ್ತು? ಡಯಲ್ ಹಿಂದಕ್ಕೆ ಬರುವಾಗ ಲೈನನ್ನು ಐದು ಸಲ ಕತ್ತರಿಸುತ್ತಿತ್ತು, ಸೆಕೆಂಡಿಗೆ ಹತ್ತರ ವೇಗದಲ್ಲಿ. ಆ ಐದು ತಟ್ಟು ಎಕ್ಸ್‌ಚೇಂಜಿಗೆ ಮುಟ್ಟಿದ ಕೂಡಲೇ ಅಲ್ಲಿನ ಸೆಲೆಕ್ಟರ್ ಟಕ್ ಟಕ್ ಎಂದು ಐದು ಮೆಟ್ಟಿಲು ಮೇಲೇರುತ್ತಿತ್ತು. ಕೊನೆಯ ಸೆಲೆಕ್ಟರಿನಲ್ಲಿ ಹತ್ತರ ಸ್ಥಾನದ ಅಂಕೆಗೆ ಏರುವುದು, ಬಿಡಿ ಸ್ಥಾನದ ಅಂಕೆಗೆ ಪಕ್ಕಕ್ಕೆ ತಿರುಗುವುದು. ಹೀಗೆ ನೂರು ಫೋನುಗಳಲ್ಲಿ ಒಂದನ್ನು ಅದು ಹುಡುಕುತ್ತಿತ್ತು. ಕಾಯಿಲ್ ಎಳೆದಾಗ ಕೊಕ್ಕೆಯೊಂದು ಹಲ್ಲುಚಕ್ರವನ್ನು ಒಂದು ಹಲ್ಲು ಮುಂದೂಡಬೇಕು, ಇನ್ನೊಂದು ಕೊಕ್ಕೆ ಅದು ಹಿಂದೆ ಜಾರದಂತೆ ಹಿಡಿಯಬೇಕು. ಇಡೀ ವಿದ್ಯೆ ಇದರಲ್ಲಿದೆ.

ಪಿನ್‌ಬಾಲಿನ ಅಂಕದ ಚಕ್ರವೂ ಹಾಗೆಯೇ. ಗುಂಡು ಬಂಪರಿಗೆ ಬಡಿಯಿತು ಎನ್ನಿ. ಬಂಪರ್ ಎಂದರೆ ಅಣಬೆಯ ಆಕಾರದ ಗೂಟ. ಅದರ ಬುಡದ ಬಿಲ್ಲೆ ಓರೆಯಾಗಿ, ಹಲಗೆಯ ಕೆಳಗಿನ ಸ್ವಿಚ್ ಮುಚ್ಚುತ್ತದೆ. ರಿಲೇ ಎಳೆಯುತ್ತದೆ. ದಪ್ಪನೆಯ ಕಾಯಿಲ್ ಒಂದು ಲೋಹದ ಬಳೆಯನ್ನು ಸರ್ರನೆ ಕೆಳಗೆಳೆದು ಗುಂಡನ್ನು ದೂರಕ್ಕೆ ಚಿಮ್ಮಿಸುತ್ತದೆ. ಅದೇ ಗಳಿಗೆಯಲ್ಲಿ ಇನ್ನೊಂದು ಸ್ವಿಚ್ ಹತ್ತು ಅಂಕದ ರಿಲೇಗೆ ಸುದ್ದಿ ಕೊಡುತ್ತದೆ; ಹಿಂದಿನ ಡಬ್ಬಿಯಲ್ಲಿ 0ಯಿಂದ 9ರವರೆಗೆ ಅಂಕೆ ಬರೆದ ಚಕ್ರ ಒಂದು ಹಲ್ಲು ಉರುಳುತ್ತದೆ, ಗಂಟೆಯ ಪಟ್ಟಿಗೆ ಒಂದು ಪೆಟ್ಟು ಬೀಳುತ್ತದೆ. ನೀವು ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಆಗಿಹೋಗಿರುತ್ತದೆ.

ಒಂಬತ್ತಾದ ಮೇಲೆ? ಶಾಲೆಯಲ್ಲಿ ನಾವು ಒಂದನ್ನು ದಶಕ ಎಂದು ಪಕ್ಕಕ್ಕೆ ಒಯ್ಯುತ್ತಿದ್ದೆವಲ್ಲ, ಅದನ್ನು ಇಲ್ಲಿ ಮಾಡುವುದು ಒಂದೇ ಒಂದು ಸ್ವಿಚ್. ಚಕ್ರ 9ರಲ್ಲಿ ನಿಂತಾಗ ಮಾತ್ರ ಅದು ಮುಚ್ಚಿಕೊಂಡಿರುತ್ತದೆ. ಹೀಗಾಗಿ ಮುಂದಿನ ತಟ್ಟು ಎರಡು ಚಕ್ರಕ್ಕೂ ಹೋಗುತ್ತದೆ: ಇದು 9ರಿಂದ 0ಗೆ ಉರುಳುವಾಗ ಪಕ್ಕದ್ದು ಒಂದು ಮುಂದೆ ಹೋಗುತ್ತದೆ. ಹೊಸ ಆಟ ಶುರುವಾಗುವಾಗ ಪೆಟ್ಟಿಗೆ ಪ್ರತಿ ಚಕ್ರಕ್ಕೂ ಅದು ಸೊನ್ನೆ ತಲುಪುವವರೆಗೆ ತಟ್ಟು ಕೊಡುತ್ತದೆ. ಸೊನ್ನೆಯಲ್ಲಿ ಇನ್ನೊಂದು ಸ್ವಿಚ್ ತೆರೆದುಕೊಂಡು ತಟ್ಟು ನಿಲ್ಲುತ್ತದೆ. ಕಾಸು ಹಾಕಿದೊಡನೆ ಕೇಳುವ ಗಡಗಡ ಸದ್ದು ಇದೇ.

ಐನೂರು ಅಂಕ ಒಮ್ಮೆಲೇ ಕೊಡಬೇಕಾದರೆ? ಪೆಟ್ಟಿಗೆಗೆ ಕೂಡುವುದು ಗೊತ್ತಿಲ್ಲ, ಎಣಿಸುವುದು ಮಾತ್ರ ಗೊತ್ತು. ಅದಕ್ಕಾಗಿ ತಳದಲ್ಲಿ ಸ್ಕೋರ್ ಮೋಟಾರ್ ಎಂಬುದಿದೆ. ಉಬ್ಬುತಗ್ಗಿನ ಬಿಲ್ಲೆಗಳನ್ನು ಪೋಣಿಸಿದ ಪುಟ್ಟ ಮೋಟಾರು. ಒಮ್ಮೆ ಹೊರಟರೆ ಬಿಲ್ಲೆಯ ಉಬ್ಬುಗಳು ಸ್ವಿಚ್ಚನ್ನು ಐದು ಸಲ ಒತ್ತಿ ನಿಲ್ಲುತ್ತವೆ. ನೂರರ ಚಕ್ರ ಐದು ಹೆಜ್ಜೆ, ಗಂಟೆ ಐದು ಪೆಟ್ಟು. ಐದರ ತೂತಿನಿಂದ ಡಯಲ್ ಹಿಂದಕ್ಕೆ ಬಂದದ್ದನ್ನು ನೆನೆಸಿಕೊಳ್ಳಿ. ಎರಡಕ್ಕೂ ಕೆಲಸ ಒಂದೇ. ಮೋಟಾರು ಹೀಗೆ ಎಣಿಸುತ್ತಿರುವಾಗ ಗುಂಡು ಇನ್ನೊಂದು ನೂರಕ್ಕೆ ಬಡಿದರೆ ಆ ನೂರು ಒಮ್ಮೊಮ್ಮೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಪಳಗಿದ ಆಟಗಾರರಿಗೆ ಇದು ಗೊತ್ತಿರುತ್ತದೆ, ಗೊಣಗುತ್ತಾರೆ, ಆಡುತ್ತಲೇ ಇರುತ್ತಾರೆ.

ಫ್ಲಿಪ್ಪರಿನ ಕಾಯಿಲ್ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಗುಂಡಿನ ತೂಕ ಸುಮಾರು 80 ಗ್ರಾಂ. ಅದನ್ನು ಹಲಗೆಯ ತುದಿಯವರೆಗೆ ಹೊಡೆಯಲು ಜೋರಾದ ಕರೆಂಟು ಬೇಕು. ಆದರೆ ಆಟಗಾರ ಬಟನ್ ಒತ್ತಿಯೇ ಹಿಡಿದುಕೊಂಡರೆ ಅಷ್ಟು ಕರೆಂಟಿಗೆ ಕಾಯಿಲ್ ಸುಟ್ಟು ಹೊಗೆಯಾಗುತ್ತದೆ. ಅದಕ್ಕೇ ಒಂದೇ ಕಾಯಿಲ್‌ನಲ್ಲಿ ಎರಡು ಸುತ್ತು: ಹೊಡೆಯಲು ದಪ್ಪ ತಂತಿಯದು, ಹಿಡಿದಿಡಲು ಸಣ್ಣ ತಂತಿಯದು. ಬ್ಯಾಟು ಮೇಲೆದ್ದು ತುದಿ ತಲುಪಿದಾಗ ತಾನೇ ಒಂದು ಸ್ವಿಚ್ಚನ್ನು ತೆರೆದು ಸಣ್ಣ ತಂತಿಯನ್ನು ದಾರಿಗೆ ಸೇರಿಸುತ್ತದೆ, ಕರೆಂಟು ಇಳಿಯುತ್ತದೆ. ಬೆರಳು ಎಷ್ಟು ಹೊತ್ತು ಒತ್ತಿದರೂ ಭಯವಿಲ್ಲ, ಆ ಸ್ವಿಚ್ ಸರಿಯಾಗಿ ತೆರೆದುಕೊಂಡರೆ ಸಾಕು.

ಇವೆಲ್ಲದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಪೆಟ್ಟಿಗೆಯ ನೆನಪು ಇರುವ ಜಾಗ. ಅಂಕ ಎಷ್ಟು ಎಂಬುದು ಚಕ್ರ ನಿಂತಿರುವ ಭಂಗಿಯಲ್ಲೇ ಇದೆ. ಎಷ್ಟನೆಯ ಗುಂಡು ಎಂಬುದು ಹೆಜ್ಜೆಚಕ್ರದ ತೋಳು ಯಾವ ಬೊಟ್ಟಿನ ಮೇಲಿದೆ ಎಂಬುದರಲ್ಲಿದೆ. ಕರೆಂಟು ಹೋದರೂ, ಅದು ನಮ್ಮ ಕಡೆ ಹೋಗುತ್ತಲೇ ಇರುತ್ತದಲ್ಲ, ಚಕ್ರಗಳು ನಿಂತಲ್ಲೇ ನಿಂತಿರುತ್ತವೆ, ಅಂಕ ಅಳಿಯುವುದಿಲ್ಲ. ಕೆಟ್ಟಿದ್ದನ್ನು ಹುಡುಕುವುದೂ ಹಾಗೆ: ಬೆರಳಿನಿಂದ ರಿಲೇ ಒತ್ತಿ ನೋಡು, ಯಾವುದು ಅಲ್ಲಾಡಲಿಲ್ಲ ಎಂದು ಗಮನಿಸು, ಸ್ವಿಚ್ಚಿನ ತುದಿಗೆ ಕಿಡಿ ಹಾರಿ ಕಪ್ಪಾಗಿದೆಯೇ ನೋಡು, ತೆಳು ಅರದಿಂದ ಉಜ್ಜು. ಎಕ್ಸ್‌ಚೇಂಜಿನಲ್ಲಿ ನಮ್ಮ ಅರ್ಧ ಆಯುಷ್ಯ ಕಳೆದದ್ದು ಇದೇ ಕೆಲಸದಲ್ಲಿ. ಕಿವಿಯಿಂದಲೇ ದೋಷ ಹಿಡಿಯುವ ಹಿರಿಯರು ನಮ್ಮಲ್ಲಿದ್ದರು. ಸೆಲೆಕ್ಟರ್ ಸಾಲಿನ ನಡುವೆ ನಡೆದುಹೋಗುತ್ತಾ ತಟ್ಟನೆ ನಿಂತು, ಇಲ್ಲಿ ಒಂದು ಏರುತ್ತಿಲ್ಲ ನೋಡಯ್ಯ ಎನ್ನುತ್ತಿದ್ದರು.

ಇಷ್ಟು ಪ್ರಾಮಾಣಿಕವಾದ ಪೆಟ್ಟಿಗೆಯನ್ನು ಸರ್ಕಾರಗಳು ನಂಬಲಿಲ್ಲ ಎಂಬುದೇ ತಮಾಷೆ. 1942ರಲ್ಲಿ ನ್ಯೂಯಾರ್ಕ್ ಮೇಯರ್ ಲಾಗಾರ್ಡಿಯಾ ಇದು ಜೂಜು, ಮಕ್ಕಳ ಜೇಬಿನ ಕಾಸು ಕದಿಯುತ್ತದೆ ಎಂದು ನಿಷೇಧಿಸಿದರು. ಪೊಲೀಸರು ಪೆಟ್ಟಿಗೆಗಳನ್ನು ಸುತ್ತಿಗೆಯಿಂದ ಒಡೆದರು. ಆಗ ಬ್ಯಾಟು ಇರಲಿಲ್ಲವೆಂಬುದನ್ನು ನೆನಪಿಡಬೇಕು; ಅವರ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಬ್ಯಾಟು ಬಂದ ಮೇಲೂ ನಿಷೇಧ ಸುಮಾರು ಮೂವತ್ತು ವರ್ಷ ಉಳಿಯಿತು. 1976ರಲ್ಲಿ ರೋಜರ್ ಶಾರ್ಪ್ ಎಂಬ ಯುವ ಪತ್ರಕರ್ತ ನಗರಸಭೆಯ ಮುಂದೆ ಪೆಟ್ಟಿಗೆ ತರಿಸಿ ಆಡಿ ತೋರಿಸಿದ. ಗುಂಡನ್ನು ಮೇಲಿನ ನಡುದಾರಿಯಿಂದಲೇ ಇಳಿಸುತ್ತೇನೆ ಎಂದು ಮೊದಲೇ ಹೇಳಿ, ಸ್ಪ್ರಿಂಗ್ ಎಳೆದು ಬಿಟ್ಟ. ಹಾಗೆಯೇ ಇಳಿಯಿತು. ಜಾಣ್ಮೆಯ ಆಟ ಎಂದು ಒಪ್ಪಿ ನಿಷೇಧ ತೆಗೆದರು. ಆ ಒಂದು ಹೊಡೆತ ಅದೃಷ್ಟದ್ದೇ ಎಂದು ಅವನು ಆಮೇಲೆ ಹೇಳಿಕೊಂಡ!

ಜಾಣ್ಮೆಯೋ ಅದೃಷ್ಟವೋ ಎಂಬ ವ್ಯಾಜ್ಯ ನಮ್ಮ ರಾಜ್ಯಕ್ಕೂ ಬಂತು, ಬೇರೆ ಯಂತ್ರದ ಹೆಸರಿನಲ್ಲಿ. ಬೆಂಗಳೂರಿನಲ್ಲಿ ವಿಡಿಯೋ ಗೇಮ್ ಅಂಗಡಿಗಳು ಹಬ್ಬಿದಾಗ ಅವುಗಳಿಗೆ ಪೊಲೀಸರ ಪರವಾನಗಿ ಬೇಕೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬೇಕು ಎಂದು 1995ರಲ್ಲಿ ತೀರ್ಪಾಯಿತು. ಯಂತ್ರವನ್ನು ಒಳಗಿನಿಂದ ತಿದ್ದಿ ಗೆಲುವೇ ಸಿಗದಂತೆ ಮಾಡಬಹುದು ಎಂಬುದನ್ನೂ ಕೋರ್ಟು ಗಮನಿಸಿತ್ತು. ಹಳೆಯ ಪಿನ್‌ಬಾಲನ್ನೂ ತಿದ್ದಬಹುದು, ಇಲ್ಲವೆನ್ನಲಾರೆ. ಹಿಂದಿನ ಕಾಲುಗಳನ್ನು ಎತ್ತರಿಸಿ ಇಳಿಜಾರು ಹೆಚ್ಚಿಸಬಹುದು, ತೂಗುಗುಂಡನ್ನು ಬಿಗಿ ಮಾಡಬಹುದು, ಪಕ್ಕದ ರಬ್ಬರ್ ಗೂಟವನ್ನು ಸರಿಸಿ ಗುಂಡು ಬೇಗ ಬೀಳುವಂತೆ ಮಾಡಬಹುದು. ಆದರೆ ಎಲ್ಲವೂ ಸ್ಕ್ರೂ ಡ್ರೈವರಿನ ಕೆಲಸ, ತೆರೆದು ನೋಡಿದರೆ ಕಣ್ಣಿಗೆ ಕಾಣುವ ಕೆಲಸ.

1970ರ ದಶಕದ ಕೊನೆಗೆ ಮೈಕ್ರೋಪ್ರೊಸೆಸರ್ ಬಂದು ರಿಲೇಗಳ ಸಾಲನ್ನು ಕೆಲವೇ ಬೋರ್ಡುಗಳಿಗೆ ಇಳಿಸಿತು. ಚಕ್ರ ಉರುಳುವುದು ನಿಂತು ಬೆಳಕಿನ ಅಂಕೆಗಳು ಹೊಳೆಯತೊಡಗಿದವು. ಹತ್ತು ವರ್ಷ ಕಳೆಯುವುದರೊಳಗೆ ನಮ್ಮ ಎಕ್ಸ್‌ಚೇಂಜುಗಳಿಗೂ ಅದೇ ಕಾಲ ಬಂತು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ದೇಶದಲ್ಲೇ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಸದ್ದಿಲ್ಲದ ಪೆಟ್ಟಿಗೆ, ಎ.ಸಿ. ಬೇಡ, ಧೂಳಿಗೆ ಹೆದರುವುದಿಲ್ಲ. ಹಳ್ಳಿಗೆ ಅದೇ ಬೇಕಾಗಿತ್ತು, ಒಳ್ಳೆಯದೇ ಆಯಿತು. ಸ್ಟ್ರೋಜರ್ ಸಾಲುಗಳು ಗುಜರಿಗೆ ಹೋದವು.

ಪಿನ್‌ಬಾಲ್ ಪೆಟ್ಟಿಗೆಗಳು ಮಾತ್ರ ಹಾಗೆ ಪೂರ್ತಿ ಗುಜರಿಗೆ ಹೋಗಲಿಲ್ಲ. ಜನ ಮನೆಯಲ್ಲಿ ಇಟ್ಟುಕೊಂಡು ರಿಪೇರಿ ಮಾಡಿ ಆಡುತ್ತಾರೆ. ಕೇಳುಗರಲ್ಲಿ ಯಾರಾದರೂ ಇಂಥದ್ದನ್ನು ತರಿಸಿಕೊಂಡರೆ ಎರಡು ವಿಷಯ ಗಮನಿಸಿ. ಅಮೆರಿಕದ ಪೆಟ್ಟಿಗೆಯನ್ನು ನೇರವಾಗಿ ನಮ್ಮ 230 ವೋಲ್ಟ್ ಪ್ಲಗ್ಗಿಗೆ ಚುಚ್ಚಬೇಡಿ. ಅದು 115 ವೋಲ್ಟಿನದು, ನಡುವೆ ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅಷ್ಟಾದರೂ ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಹಾಗಾಗಿ ಸ್ಕೋರ್ ಮೋಟಾರು ಇಲ್ಲಿ ಸುಮಾರು ಆರರಲ್ಲಿ ಒಂದು ಪಾಲು ನಿಧಾನವಾಗಿ ತಿರುಗುತ್ತದೆ, ಆ ಐದು ಗಂಟೆಗಳು ತುಸು ಎಳೆದಂತೆ ಕೇಳಿಸುತ್ತವೆ. ಆಟಕ್ಕೆ ತೊಂದರೆಯಿಲ್ಲ.

ಎರಡನೆಯದು, ಕಾಯಿಲ್ ಸುಟ್ಟರೆ ಅಮೆರಿಕಕ್ಕೆ ಬರೆಯಬೇಕಾಗಿಲ್ಲ. ಬೋರ್‌ವೆಲ್ ಇರುವ ಯಾವ ತಾಲ್ಲೂಕಿನಲ್ಲೂ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ ಇದ್ದೇ ಇರುತ್ತದೆ, ನೆಲಮಂಗಲದಲ್ಲೂ ಇವೆ. ಅವರಿಗೆ ಇದು ಅರ್ಧ ಗಂಟೆಯ ಕೆಲಸ. ಕೆಲವು ಕಂಪನಿಗಳ ಕಾಯಿಲ್ ಮೇಲಿನ ಚೀಟಿಯಲ್ಲಿ ತಂತಿಯ ಗೇಜು, ಸುತ್ತಿನ ಸಂಖ್ಯೆ ಎರಡೂ ಇರುತ್ತವೆ: 23-800 ಎಂದಿದ್ದರೆ 23 ಗೇಜಿನ ತಂತಿ, 800 ಸುತ್ತು. ಚೀಟಿ ಇಲ್ಲದಿದ್ದರೆ ಸುಟ್ಟ ತಂತಿಯನ್ನು ಬಿಚ್ಚುತ್ತಾ ಎಣಿಸಿಕೊಳ್ಳಬೇಕು. ಒಂದು ಎಚ್ಚರಿಕೆ ಮಾತ್ರ: ಅವರ ಗೇಜು ಬೇರೆ, ನಮ್ಮ ಅಂಗಡಿಗಳಲ್ಲಿ ನಡೆಯುವ ಎಸ್‌ಡಬ್ಲ್ಯೂಜಿ ಬೇರೆ. ಅಮೆರಿಕದ 23 ಎಂದರೆ 0.57 ಮಿಲಿಮೀಟರ್, ನಮ್ಮ 23 ಅದಕ್ಕಿಂತ ದಪ್ಪ, 0.61. ಅಂಗಡಿಯವರಿಗೆ 24ರ ತಂತಿ ಹಾಕಿ ಎನ್ನಿ, 0.56 ಬರುತ್ತದೆ, ಅದು ಸಾಕು.